ಕಿವಿಗೆ ಬಿದ್ದದ್ದು

ಉಮೆಯೋ ಊರಿನ ಫ್ರೀಜರಿನಲ್ಲಿ, ಸೊನ್ನೆಗಿಂತ ಎಂಬತ್ತು ಮೆಟ್ಟಿಲು ಕೆಳಗೆ,
ಸಾವಿರಾರು ಜನರ ನೆತ್ತರು. ಹೆಸರಿಲ್ಲ, ಬರೀ ಅಂಕೆ.
ಗುನ್‌ವೋರಳದೂ ಅದರಲ್ಲೊಂದು:
ಎದೆಯ ತಪಾಸಣೆಗೆ ಬಂದವಳು ತೊಂಬತ್ತೆಂಟರಲ್ಲಿ ಕೊಟ್ಟದ್ದು.
ಆಗ ದಿನಕ್ಕೆ ಇನ್ನೂರು ಬಾರ್ಲಿ ರೊಟ್ಟಿ ಲಟ್ಟಿಸುತ್ತಿದ್ದಳು,
ಕಾಗದದಷ್ಟು ತೆಳ್ಳಗೆ;
ಬೆರಳುಗಳಿಗೆ ಯಾವ ತಕರಾರೂ ಇರಲಿಲ್ಲ.

ನೋವು ಬಂದದ್ದು ಒಂಬತ್ತು ವರ್ಷದ ಮೇಲೆ.
ಅಂಥ ಹಳೆಯ ಹನಿಗಳಲ್ಲಿ, ಎಷ್ಟೋ ಸಲ,
ಪ್ರತಿಕಾಯ ಆಗಲೇ ಇರುತ್ತದೆ,
ತನ್ನ ಮನೆಯನ್ನೇ ಹಗೆಯೆಂದು ಬರೆದುಕೊಂಡು.

"ಅಷ್ಟು ವರ್ಷ ಒಳಗೆ ಏನು ನಡೆದಿತ್ತು?" ಎಂದಳು ಮೊನ್ನೆ,
ಕೈಗವಸನ್ನು ಹಲ್ಲಿನಿಂದ ಎಳೆದು ತೆಗೆಯುತ್ತ.
ಪಿಪೆಟ್ಟು ಹಿಡಿಯುವುದಷ್ಟೇ ಬಲ್ಲ ನಾನು
ತಡವರಿಸಿದೆ: ಚಾಡಿ.

ಬಿ ಕೋಶಕ್ಕೆ ಕಣ್ಣಿಲ್ಲ, ಮೈಯೆಲ್ಲ ಕಿವಿ.
ಇಂಟರ್‌ಲ್ಯೂಕಿನ್ ಆರು ಬಂದು ಪಿಸುಗುಟ್ಟುತ್ತದೆ,
ಇಪ್ಪತ್ತೊಂದು ಅದಕ್ಕೆ ಉಪ್ಪು ಖಾರ ಹಚ್ಚುತ್ತದೆ,
ಸಾಯಬೇಕಾದ ಕೋಶಕ್ಕೆ ಬ್ಯಾಫ್ ಎಂಬುದೊಂದು
ಗಂಜಿ ಕುಡಿಸಿ ಉಳಿಸುತ್ತದೆ.
ಕೇಳಿ ಕೇಳಿ ಉಬ್ಬಿದ ಕೋಶ ಕಾರ್ಖಾನೆಯಾಗುತ್ತದೆ,
ಕ್ಷಣಕ್ಕೆ ಸಾವಿರಾರು ಪ್ರತಿಕಾಯ ಉಗುಳುತ್ತದೆ.
ಅವು ಕೀಲಿನೊಳಗೆ ಅಂಟಿ ಕೂತರೆ
ಅಲ್ಲಿಯ ಕಾವಲಿನವು ಗಾಬರಿಬಿದ್ದು ಕೂಗುತ್ತವೆ.
ಆ ಕೂಗೂ ಸೈಟೊಕೈನೇ.
ಮತ್ತೆ ಕಿವಿ. ಮತ್ತೆ ಕಾರ್ಖಾನೆ.
ಬೇಲಿಯೇ ಹೊಲ ಮೇಯಿತೆಂದು ಬೇಲಿಯನ್ನು ಬೈಯಬೇಡಿ;
ಹೊಲವೇ ಕಳ್ಳನೆಂದು ಯಾರೋ ಅದಕ್ಕೆ ಹೇಳಿದ್ದರು.

ಬಹಳ ಹೊತ್ತು ಮಾತಿಲ್ಲ.
"ನಮ್ಮ ಹಳ್ಳಿಯಲ್ಲಿ ಎವರ್ಟ್ ಅಂತಿದ್ದ," ಎಂದಳು ಆಮೇಲೆ.
"ಸಹಕಾರಿ ಅಂಗಡಿಯ ದುಡ್ಡು ಕದ್ದನೆಂದು ಯಾರೋ ಅಂದರು.
ಒಂಬತ್ತು ಚಳಿಗಾಲ ಯಾರೂ ಏನೂ ಮಾಡಲಿಲ್ಲ,
ಬರೀ ಕೇಳಿಸಿಕೊಂಡೆವು.
ಹತ್ತನೆಯದರಲ್ಲಿ ಅವನ ದೋಣಿಮನೆಗೆ ಬೆಂಕಿ ಬಿತ್ತು.
ಕದ್ದಿರಲಿಲ್ಲ. ಕೂಡುವ ಲೆಕ್ಕದಲ್ಲಿ ತಪ್ಪಾಗಿತ್ತು.
ನಾನೂ ಹೇಳಿದ್ದೆ. ರೊಟ್ಟಿ ಲಟ್ಟಿಸುತ್ತ, ಪಕ್ಕದವಳಿಗೆ."

ಈಗ ತಿಂಗಳಿಗೊಮ್ಮೆ ಅವಳ ತೋಳಿಗೆ ಹನಿಹನಿ ಔಷಧ.
ಚಾಡಿಯ ಬಾಯಿ ಕಟ್ಟುವುದಿಲ್ಲ ಅದು,
ಕೇಳುವ ಕಿವಿಗೆ ಹತ್ತಿ ಇಡುತ್ತದೆ.
ಊತ ಇಳಿದಿದೆ. ಪ್ರತಿಕಾಯ ಪೂರ್ತಿ ಹೋಗಿಲ್ಲ;
ಮೂಳೆಯೊಳಗಿನ ಹಳೆಯ ಕಾರ್ಖಾನೆಗಳು ಹಟ ಬಿಟ್ಟಿಲ್ಲ.

ಹೊರಡುವಾಗ, ನನ್ನ ಕೊಳವೆ ತೋರಿಸು ಎಂದಳು.
ಯಾವುದೋ ನನಗೂ ಗೊತ್ತಿಲ್ಲ, ಎಂದೆ.
ಸೊಟ್ಟ ಬೆರಳನ್ನು ಉಕ್ಕಿನ ಬಾಗಿಲಿಗೆ ಊರಿ
ಕಿವಿಗೊಟ್ಟು ನಿಂತಳು.
ಮೋಟಾರಿನ ಗುಂಯ್ ಬಿಟ್ಟರೆ
ಅಲ್ಲಿ ಕೇಳುವಂಥದ್ದೇನೂ ಇರಲಿಲ್ಲ.
ಆದರೂ ನಿಂತಳು.