ಸೀಸದ ಹಟ್ಟಿ

ಸೋಮವಾರ ನಸುಕಿಗೇ ಬಂದಿಳಿಯುತ್ತದೆ ನಮ್ಮ ಹಸು,
ಮೈತುಂಬ ಸೀಸ ಹೊದ್ದು. ಕೊಂಬಿಲ್ಲ, ಬಾಲವಿಲ್ಲ,
ಎತ್ತಲು ಇಬ್ಬರು ಬೇಕು.
ಹಸು ಎಂದೇ ಅನ್ನುತ್ತೇವೆ, ಮೊಂತೆವಿದೇವೊದ ಈ ನೆಲಮಾಳಿಗೆಯಲ್ಲಿ;
ಇಪ್ಪತ್ತಾರು ವರ್ಷದಿಂದ ಕರೆಯುವವಳು ನಾನು.
ಒಂದು ಕಡೆಯಿಂದ ಉಪ್ಪುನೀರು,
ಇನ್ನೊಂದು ಕಡೆ ಸೀಸೆಗೆ ತೊಟ್ಟಿಕ್ಕುವ ಟೆಕ್ನಿಷಿಯಂ,
ನೋಡಲು ಬರೀ ನೀರು.
ಆರು ಗಂಟೆಗೊಮ್ಮೆ ಅರ್ಧ ಸಾಯುವ ಹಾಲು,
ಹೆಪ್ಪು ಹಾಕಲೂ ಪುರುಸೊತ್ತಿಲ್ಲ.

ಅದನ್ನು ಕೇಳಿ ನಕ್ಕವನು ಎರಿಬೆರ್ತೊ ಒಬ್ಬನೇ.
ಸಾನ್ ಹೋಸೆಯಲ್ಲಿ ಮೂರು ಗಂಟೆಗೆದ್ದು
ಯಾರದೋ ತೊಂಬತ್ತಮೂರು ಹಸು ಕರೆದು, ಕೈ ತೊಳೆದು
ಬಸ್ಸು ಹತ್ತಿ ಬಂದಿದ್ದ.
'ಒದೆಯುತ್ತದೆಯೇ ನಿಮ್ಮದು?' ಎಂದ.
ಹೆಂಡತಿಯ ತೋಳಲ್ಲಿ ಮಗು ಮಗ್ಗುಲಾಯಿತು,
ನಗು ಅರ್ಧಕ್ಕೇ ನಿಂತಿತು.

ಐನಾರಾ. ಹನ್ನೊಂದು ವಾರ.
ಎಡರೆಪ್ಪೆ ಊದಿ ಮುಚ್ಚಿದೆ, ನೇರಳೆ ಬಣ್ಣ,
ಅತ್ತರೆ ಇನ್ನೂ ಉಬ್ಬುತ್ತದೆ.
'ಹುಟ್ಟಿದಾಗ ಸೊಳ್ಳೆ ಕಚ್ಚಿದಷ್ಟಿತ್ತು,
ನಾನು ತೋರಿಸಿದೆ, ಯಾರೂ ನಂಬಲಿಲ್ಲ' ಅಂದಳು ಮಾರಿಸೊಲ್.
ಕಣ್ಣುಗುಡ್ಡೆಯ ಹಿಂದೆ ಏನಿದೆಯೋ,
ರಕ್ತದ ಗಂಟೋ, ಬೇರೆ ಹೆಸರಿನದೋ.
ಆ ಬೇರೆ ಹೆಸರನ್ನು ಡಾಕ್ಟರು ಚೀಟಿಯಲ್ಲಿ ಬರೆದು
ಮುಂದೆ ಪ್ರಶ್ನೆಗುರುತು ಹಾಕಿದ್ದರು.
ಚೀಟಿ ಮಡಚಿ ಜೇಬಿಗಿಟ್ಟೆ.

ಅವಳದೇ ರಕ್ತ, ಚಮಚೆಗೂ ಕಡಿಮೆ,
ತೆಗೆದು, ಚೂರು ತವರ ಸೋಕಿಸಿ,
ಬೆಳಗಿನ ಹಾಲೆರೆದು, ಮೆಲ್ಲಗೆ ತಿರುವಿ ತಿರುವಿ
ತವರಿಗೇ ವಾಪಸು ಕಳಿಸಿದೆ.

ನಿದ್ದೆಮದ್ದು ಬೇಡವೆಂದರು. ಹಾಲೂಡಿಸಿ, ಬಟ್ಟೆ ಬಿಗಿದು
ಮರಳಚೀಲಗಳ ನಡುವೆ ಮಲಗಿಸಿದೆವು.
ಕ್ಯಾಮೆರಾ ಮುಖದ ಹತ್ತಿರ ಬಂತು, ಗೇಣು ದೂರಕ್ಕೆ.
ಅದು ಬೆಳಕು ಚೆಲ್ಲುವುದಿಲ್ಲ; ಕಾಯುತ್ತದೆ,
ಒಳಗಿಂದ ಬಂದ ಒಂದೊಂದನ್ನೂ ಎಣಿಸುತ್ತ.
ಪರದೆಯ ಮೇಲೆ ಮೊದಲು ಸಾಸಿವೆ ಚೆಲ್ಲಿದಂತೆ ಚುಕ್ಕಿ,
ಆಮೇಲೆ ಕೆನ್ನೆ, ಮೂಗಿನ ಬುಡ,
ಆಮೇಲೆ ಎಡಗಣ್ಣಲ್ಲೊಂದು ಕೊಳ
ತುಂಬಿತು. ತುಂಬಿ ನಿಂತಿತು.
ಎರಡು ಗಂಟೆ ಕಳೆದರೂ ನಿಂತೇ ಇತ್ತು.
ರಕ್ತ. ಬರೀ ರಕ್ತ.
ಹೇಳುವ ಅಧಿಕಾರ ನನಗಿಲ್ಲ.
'ಚೆನ್ನಾಗಿ ಮಲಗಿದಳು' ಎಂದೆ, ಅಷ್ಟೇ.
ಮಾರಿಸೊಲ್ ನನ್ನ ಮುಖವನ್ನೇ ಓದುತ್ತಿದ್ದಳು.

ಒದ್ದೆ ಡೈಪರುಗಳನ್ನು ಬೇರೆ ಚೀಲದಲ್ಲಿ ಕಟ್ಟಿ,
ತಾರೀಖು ಬರೆದು, ಬೀರುವಿನಲ್ಲಿಟ್ಟೆ.
ಮೂರನೆಯ ದಿನ ಗೈಗರ್ ಹಿಡಿದರೆ ಹೊಸದೇನೂ ಕೇಳಿಸಲಿಲ್ಲ.
ಕಸಕ್ಕೆ ಹಾಕಿದೆ.

ದಿನಕ್ಕಿಷ್ಟು ಹನಿ ಔಷಧ, ಎದೆಬಡಿತ ತುಸು ತಗ್ಗಿಸುವಂಥದು.
ನಾಲ್ಕು ತಿಂಗಳಿಗೆ ಮತ್ತೆ ಬಂದರು.
ಅಷ್ಟೇ ನಿಮಿಷ, ಅಷ್ಟೇ ದೂರ, ಅದೇ ಮರಳು.
ಕೊಳ ಬತ್ತಿರಲಿಲ್ಲ; ದಡ ಕಾಣುತ್ತಿತ್ತು.
ಬಲಗಡೆ ಒಂದಿದ್ದರೆ ಎಡಗಡೆ ಎರಡೂಕಾಲು.
ಹಿಂದಿನ ಸಲ ಏಳು.
ರೆಪ್ಪೆ ಮೇಲೆದ್ದಿತ್ತು. ಆದರೆ
ಅಷ್ಟು ದಿನ ಮುಚ್ಚಿದ್ದ ಕಣ್ಣು ನೋಡುವುದನ್ನೇ ಕಲಿತಿಲ್ಲವಂತೆ,
ಈಗ ಒಳ್ಳೆಯ ಕಣ್ಣಿಗೆ ಪಟ್ಟಿ.
'ಕಿತ್ತು ಎಸೆಯುತ್ತಾಳೆ, ದಿನಾ ಜಗಳ' ಎಂದಳು ತಾಯಿ.

ಎರಿಬೆರ್ತೊ ಮೇಜಿನ ಮೇಲೊಂದು ಪೊಟ್ಟಣವಿಟ್ಟ,
ಹಟ್ಟಿಯ ಚೀಸು. 'ಇದು ನಾಳೆಗೂ ಇರುತ್ತದೆ' ಎಂದ.
ಥ್ಯಾಂಕ್ಸ್ ಹೇಳಿದೆ, ದನಿ ದೊಡ್ಡದಾಯಿತು,
ಪಟ್ಟಿ ಕಟ್ಟಿದ ಪುಟ್ಟ ಮುಖ ನನ್ನತ್ತ ತಿರುಗಿತು.
ನೋಡಿತೋ, ಸದ್ದಿಗೆ ತಿರುಗಿತೋ,
ನನ್ನ ಯಂತ್ರ ಅದನ್ನು ಎಣಿಸುವುದಿಲ್ಲ.