ಸ್ಟಾಕು

ಟಿಕೋಟಾ ರಸ್ತೆಯ ನನ್ನ ಮೆಡಿಕಲ್ ಅಂಗಡಿಗೆ
ತಿಂಗಳಿಗೊಮ್ಮೆ ಬರ್ತಾರ ಗುರಬಸಮ್ಮ ಟೀಚರು.
ಚೀಟಿ ಮಡಚಿ ಮಡಚಿ ಕೊಡ್ತಾರ, ಕದ್ದ ಮಾಲಿನಂಗ.
ನಾನೂ ಗುಳಿಗಿ ಹೆಸರು ಜೋರಾಗಿ ಓದಂಗಿಲ್ಲ.

ಇವತ್ತು ಕೇಳಿದ್ರು:
"ಇದು ಹೊರಗಿಂದನ ಬರಬೇಕೇನು ಸೋನಾ,
ಒಳಗ ಹುಟ್ಟಂಗಿಲ್ಲೇನು?"

ಹುಟ್ಟತೈತ್ರಿ, ಅಂದೆ.
ಡಿ.ಫಾರ್ಮಾದ ನೋಟುಬುಕ್ಕು ಗಲ್ಲಾದ ಕೆಳಗ ಇನ್ನೂ ಐತಿ:
ಎಂಡಾರ್ಫಿನ್. ಸೆರೊಟೋನಿನ್,
ಅದರ ಬಹುಪಾಲು ತಲಿಯಾಗಲ್ಲ, ಕರುಳಿನಾಗ,
ರೊಟ್ಟಿ ಅರಗೋ ಕತ್ತಲ್ಯಾಗ.
ಇನ್ನೊಂದರ ಹೆಸರು ಆನಂದಮೈಡ್.
ಹೆಸರು ಸಿಗದ ಪರದೇಶದವರು
ನಮ್ಮ ತಾಂಡಾದ ಅಜ್ಜ ಭಜನ್ಯಾಗ ಎಳೆದೆಳೆದು ಹಾಡೋ ಶಬ್ದ ಒಯ್ದು
ಸೀಸೆಗೆ ಅಂಟಿಸ್ಯಾರ.

ನನಗ ಅದರ ರುಚಿ ಗೊತ್ತು.
ಹಾಸ್ಟೆಲಿನ ಸೈಕಲ್ಲು, ಸೊಲ್ಲಾಪುರ ಹೆದ್ದಾರಿ,
ಎದುರುಗಾಳಿ, ಕಬ್ಬಿನ ಟ್ರ್ಯಾಕ್ಟರಿನ ಹೊಗಿ.
ಮೂವತ್ತೆಂಟನೇ ಕಿಲೋಮೀಟರಿಗೆ ತೊಡಿ ಅಳತಿದ್ದವು,
ಮೂವತ್ತೊಂಬತ್ತಕ್ಕ ಯಾರೋ ಒಳಗಿನ ಶಟರ್ ಎತ್ತಿದಂಗ.
ನೋವು ಅಲ್ಲೇ ಇತ್ತು,
ಪಕ್ಕದ ಮನಿಯ ರೇಡಿಯೋದಂಗ.
ಕರಿ ಎರಿ ಹೊಲ, ಅದರ ಮ್ಯಾಲ ಕೊಕ್ಕರಿ,
ಎಲ್ಲಾ ನನ್ನ ಕಡೆಯವರು.

ಆಮ್ಯಾಲ ಮೊಣಕಾಲು ಹೋತು.
ಹನ್ನೊಂದು ತಿಂಗಳು ಶಟರ್ ಏಳಲೇ ಇಲ್ಲ.
"ಮನಸು ಗಟ್ಟಿ ಮಾಡು" ಅಂದ್ರು ಕೋಚ್.
ಮನಸೇನು ಹಿಟ್ಟೇನ್ರಿ, ನಾದಿ ಗಟ್ಟಿ ಮಾಡಾಕ?
ಸ್ಟಾಕ್ ಇಲ್ಲದ ಅಂಗಡಿ ಮುಂದ
ನಿಂತು ಬೈದರ ಮಾಲು ಬರಂಗಿಲ್ಲ.
ಆಗ ನಾನೂ ಇಂಥದೇ ಚೀಟಿ ಮಡಚಿದ್ದೆ,
ಗುರುತಿಲ್ಲದ ಓಣಿಯ ಗುರುತಿಲ್ಲದ ಅಂಗಡಿಗೆ ಹೋಗಿ.

ಇಷ್ಟೆಲ್ಲಾ ಟೀಚರಿಗೆ ಹೇಳಲಿಲ್ಲ.
ಮಧ್ಯಾಹ್ನ ಆಗಿತ್ತು, ಡಬ್ಬಿ ಬಿಚ್ಚಿದೆ.
ರೊಟ್ಟಿ, ಪುಂಡಿಪಲ್ಯ, ಅವ್ವ ಕುಟ್ಟಿದ ರಂಜಕ.
"ಕುಂದರ್ರಿ, ಒಂದು ತುತ್ತು."

ಕೆಂಪು ತಾಗಿದ್ದೇ ತಡ
ಹಾ ಹಾ ಅಂದ್ರು, ಮೂಗು ಸೋರಿತು, ಕಣ್ಣು ಸೋರಿತು.
ಬೆಂಕಿ ಬಿತ್ತು ಬೆಂಕಿ ಬಿತ್ತು ಅಂತ
ನಾಲಿಗಿ ಸುಳ್ಳೇ ಒದರತೈತಿ,
ಮೈ ನಂಬತೈತಿ, ಪಾಪ,
ಎಲ್ಲಿಂದಲೋ ಮುಲಾಮು ಹಿಡಕೊಂಡು ಓಡಿ ಬರತೈತಿ.

ಇನ್ನೊಂದು ಚೂರು ಸವರಿಕೊಂಡ್ರು.
ಸೆರಗಿಲೆ ಮುಖ ಒರಸಿ, ಮತ್ತ ಒರಸಿ.
ಯಾಕ ಅಳ್ತೀರಿ ಅಂತ
ಯಾರೂ ಕೇಳಬೇಕಾಗಿರಲಿಲ್ಲ.

ಹೋಗುವಾಗ ಗುಳಿಗಿ ಪೊಟ್ಟಣ ಕೌಂಟರಿನ ಮ್ಯಾಲೇ ಬಿಟ್ಟಿದ್ರು.
ಕುಂಟುಗಾಲಿಲೆ ಓಡಿದೆ, ಬಸ್ ಸ್ಟಾಪಿನ ತನಕ,
ಕೈಯಾಗ ಇಟ್ಟು ಬಂದೆ.

ಉಸಿರು ಏರಿತ್ತು. ನಾಲಿಗಿ ಇನ್ನೂ ಉರೀತಿತ್ತು.
ಅಂಗಡಿಯೊಳಗ ಯಾರೂ ಇರಲಿಲ್ಲ,
ಶಟರ್ ಪೂರಾ ಮ್ಯಾಲಿತ್ತು.