ಒಣಗಲು ಹಾಕಿದ್ದು

ಸುಪೀರಿಯರ್ ಸರೋವರದ ಟ್ರೌಟ್ ಮೀನು ತೂಗುವ
ಕೊಕ್ಕೆ ತಕ್ಕಡಿಗೆ ರಾಂಟಾಲಾನ ಪ್ಯಾಡು ಸಿಕ್ಕಿಸುತ್ತೇನೆ.
ಯಾರೂ ಹೇಳಿದ್ದಲ್ಲ, ಹದಿನೇಳು ವರ್ಷದ ಚಟ.
ಒಣಗಿದ್ದರೆ ಜೋಡಿಗೆ ಹತ್ತು ಪೌಂಡು.
ಶುಕ್ರವಾರ ರಾತ್ರಿ ಹನ್ನೆರಡು.
ಶನಿವಾರ, ಬಸ್ಸಿನಲ್ಲಿ ಐದು ತಾಸು ಮುದುರಿ ಬಂದು
ಮತ್ತೆ ನಿಂತ ಮೇಲೆ, ಹದಿಮೂರೂವರೆ.

ಪ್ಯಾಡು ಒಣಗುತ್ತದೆ. ಎರಡು ಫ್ಯಾನು, ಒಂದು ಹೀಟರು,
ಬೆಳಗಾಗುವಷ್ಟರಲ್ಲಿ ಬರೀ ಉಪ್ಪಿನ ಬಿಳಿ ಗೆರೆ.
ಅದರೊಳಗಿದ್ದ ಕಾಲನ್ನು ಎಲ್ಲಿ ನೇತುಹಾಕಲಿ?

ಕೋಚ್ ಸ್ಟ್ರೂಬಲ್ ಹತ್ತಿರ ಹಾಳೆ ಇದೆ:
ನಲವತ್ತೊಂದು ಹೊಡೆತ, ಮೂವತ್ತೊಂಬತ್ತನ್ನು
ಹೊಟ್ಟೆಗೆ ಹಾಕಿಕೊಂಡ, ಶಹಭಾಸ್.
ಬಾರದೇ ಹೋದ ಹೊಡೆತಕ್ಕೂ
ಅವನು ಕುಸಿದದ್ದು, ಎದ್ದದ್ದು ಹಾಳೆಯಲ್ಲಿಲ್ಲ.
ಪಕ್ ಆಚೆ ತುದಿಯಲ್ಲಿದ್ದಾಗಲೂ ರೆಪ್ಪೆ ಬಡಿಯದೆ ಕಾದದ್ದು,
ಹತ್ತು ಜನರ ಕಾಲುಗಳ ಪೊದೆಯಲ್ಲಿ
ಒಂದು ಕಪ್ಪು ಬಿಲ್ಲೆ ಹುಡುಕಿದ್ದು, ಅದೂ ಇಲ್ಲ.
ಈ ಗೋಲಿ ಉರುಳುವ ಜಾತಿಯದಲ್ಲ,
ಉರುಳದೆ ಇರುವುದೇ ಅದರ ಕೆಲಸ.

ನನ್ನಜ್ಜ ಇದೇ ಹೋಟನ್ ಊರಿನ ತಾಮ್ರದ ಗಣಿಯಲ್ಲಿ
ಜೋಡಿ ಪಾಳಿ ಮಾಡಿದವನು. ಹೇಳುತ್ತಿದ್ದ:
ದಣಿವು ಕೈಗೆ ಬರುವುದು ಕೊನೆಗೆ ಕಣೋ,
ಮೊದಲು ಕಿವಿಗೆ. ಸೂರು ಬಿರಿಯುವ ಸದ್ದು
ಅರ್ಧ ಕ್ಷಣ ತಡವಾಗಿ ಕೇಳುತ್ತೆ.
ಆಮೇಲೆ ಸುಮ್ಮನೆ ಪೈಪು ಕುಟ್ಟುತ್ತಿದ್ದ.

ರಾಂಟಾಲಾನಿಗೆ ಅದು ಬಂದದ್ದು ಮಂಡಿಗೆ.
ಶನಿವಾರ ಕೊನೆಯ ಅವಧಿ, ಹೊಡೆಯುವವನು
ಕೋಲೆತ್ತುವ ಮುಂಚೆಯೇ ಇವನು ಮಂಡಿಯೂರಿದ.
ಮೇಲೆ, ಭುಜದ ಬಳಿ, ಬಲೆ ಬಾಯ್ತೆರೆದಿತ್ತು.
ಜನ ಅದನ್ನು ದುಡುಕು ಅಂದರು.
ದುಡುಕಲ್ಲ. ನಿಂತಿರಲು ಆಗದಿದ್ದದ್ದು.

ಹಾಗಂತ ವಿಶ್ರಾಂತಿಯೇನೂ ಅಮೃತವಲ್ಲ.
ಕ್ರಿಸ್ಮಸ್ಸಿಗೆ ಒಂಬತ್ತು ದಿನ ಮಲಗಿ, ಸೌನಾದಲ್ಲಿ ಬೆಂದು,
ಕೆನ್ನೆ ಕೆಂಪಗೆ ಮಾಡಿಕೊಂಡು ಬಂದವನು
ಮೊದಲ ಹೊಡೆತವನ್ನೇ ಬಿಟ್ಟುಕೊಟ್ಟ,
ನೀಲಿ ಗೆರೆಯಾಚೆಯಿಂದ ತೇಲಿಬಂದ ಸೋಮಾರಿ ಹೊಡೆತ.
ಮೈ ತುಂಬಿತ್ತು, ಕಣ್ಣಿಗೆ ತುಕ್ಕು.
ಬದಲಿ ಗೋಲಿ ಓಡೆಟ್‌ಗೆ ವರ್ಷವಿಡೀ ಅದೇ ಗತಿ:
ಬೆಂಚಿನ ಬಾಗಿಲು ತೆಗೆಯುತ್ತ, ಹಾಕುತ್ತ,
ದಣಿಯದೆಯೇ ಸವೆಯುತ್ತಿರುವ ಹುಡುಗ.

ಭಾನುವಾರ. ಮೂರು ದಿನದಲ್ಲಿ ಮೂರನೇ ಆಟ.
ಬೆಳಿಗ್ಗೆ ರಾಂಟಾಲಾ ಬೂಟಿನ ದಾರ ಕಟ್ಟಲು ಬಗ್ಗಿದ,
ಯಾಕೆ ಬಗ್ಗಿದೆನೆಂದು ಮರೆತವನಂತೆ ನೇರವಾದ,
ಮತ್ತೆ ಬಗ್ಗಿದ.
ನಾನು ಸಾಣೆ ಯಂತ್ರದ ಮುಂದಿದ್ದೆ,
ಕೈಯಲ್ಲಿ ಅವನ ಎಡಗಾಲಿನ ಸ್ಕೇಟು, ಲಕ್ಷಣವಾಗಿಯೇ ಇತ್ತು.
ಸ್ಟ್ರೂಬಲ್ ಒಳಗೆ ಬಂದಾಗ ಬಾಯಿ ತಾನಾಗಿ ಹೇಳಿತು:
ಬಿರುಕು ಬಿಟ್ಟಿದೆ, ಹೊಸದು ಬರುವುದು ಮಂಗಳವಾರ.

ಓಡೆಟ್ ಆರು ಗೋಲು ಬಿಟ್ಟ. ಸೋತೆವು.
ಐದನೆಯದಾದ ಮೇಲೆ ಎದ್ದು
ಕಂಬಗಳೆರಡನ್ನೂ ಕೋಲಿನಿಂದ ತಟ್ಟಿದ;
ಮುಖವಾಡದೊಳಗೆ ನಗುತ್ತಿದ್ದ ಅನ್ನಿಸಿತು ನನಗೆ.
ಬೆಂಚಿನ ತುದಿಯಲ್ಲಿ, ಹಳೇ ಸ್ಕೇಟು ಕಟ್ಟಿಕೊಂಡು,
ಹೆಸರಿಗೊಬ್ಬ ಬದಲಿಯಾಗಿ ಕೂತ ರಾಂಟಾಲಾ
ಟೋಪಿಯನ್ನು ಮೂಗಿಗಿಳಿಸಿ ನಿದ್ದೆ ಹೋಗಿದ್ದ,
ಎದುರಾಳಿಗಳು ಆರು ಸಲ ಕಿರುಚಿದರೂ.

ಮಂಗಳವಾರ ಸ್ಕೇಟು ತಿರುವಿ ನೋಡಿದ.
ಹೆಬ್ಬೆರಳನ್ನು ಅಂಚಿನ ಮೇಲೆ ಎಳೆದ,
ಹಿಮ್ಮಡಿಯಿಂದ ತುದಿಯವರೆಗೆ, ನಿಧಾನವಾಗಿ.
ನನ್ನ ಕಡೆ ನೋಡಿದ. ಏನೂ ಅನ್ನಲಿಲ್ಲ.
ಕಾಗದದಲ್ಲಿ ಸುತ್ತಿದ್ದ ಪ್ಯಾಸ್ಟಿ ಮುರಿದು
ದೊಡ್ಡ ತುಂಡು ನನ್ನ ಮೇಜಿನ ಮೇಲಿಟ್ಟ,
ಒಳಗಿನ ಆಲೂಗಡ್ಡೆ ಇನ್ನೂ ಹಬೆಯಾಡುತ್ತಿತ್ತು.

ಅವತ್ತೂ ಮೂರು ಬಿಟ್ಟುಕೊಟ್ಟ.
ತೂಗಿದೆ: ಹನ್ನೊಂದೂವರೆ.
ಅದಕ್ಕೇನು ಅರ್ಥವೋ ನನಗೆ ಗೊತ್ತಿಲ್ಲ.
ಫ್ಯಾನು ಹಾಕಿ, ದೀಪ ಆರಿಸಿ ಬಂದೆ.